ಎರಡು ಅಳತೆ, ಒಂದು ಕೋನ: ಟೇಪು ಮತ್ತು ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕುವ ಬಗೆ

ಕುಮಟಾ, ಹೊನ್ನಾವರ, ಅಂಕೋಲಾ ಕಡೆ ಹಂಚಿನ ಮನೆ ಕಟ್ಟುವವರಿಗೆ ಮಾಡಿನ, ಅಂದರೆ ಛಾವಣಿಯ, ಇಳಿಜಾರು ದೊಡ್ಡ ಪ್ರಶ್ನೆ. ಇಳಿಜಾರು ಕಡಿಮೆಯಾದರೆ ಮಳೆಗಾಲದ ಗಾಳಿಗೆ ನೀರು ಹಂಚಿನ ಸಂದಿಯಲ್ಲಿ ಹಿಂದಕ್ಕೆ ಹತ್ತಿ ಒಳಗೆ ಸೋರುತ್ತದೆ. ಜಾಸ್ತಿಯಾದರೆ ಮರದ ಖರ್ಚು ಏರುತ್ತದೆ. ಹಾಗಾಗಿ ಮಾಡು ಎಷ್ಟು ಡಿಗ್ರಿ ಇದೆ ಎಂದು ಸರಿಯಾಗಿ ಗೊತ್ತಿರಬೇಕು. ಅದಕ್ಕೆ ಕೋನಮಾಪಕ ಹಿಡಿದು ಮಾಡು ಹತ್ತಬೇಕಿಲ್ಲ. ಎರಡು ಉದ್ದ ಅಳೆದರೆ ಸಾಕು, ಉಳಿದದ್ದು ಕ್ಯಾಲ್ಕುಲೇಟರ್ ಕೆಲಸ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲಿ ಬರುವ ಲೆಕ್ಕಗಳೆಲ್ಲ ಹೆಚ್ಚುಕಡಿಮೆ 30, 45, 60 ಡಿಗ್ರಿಯವು. ಮನೆ, ಏಣಿ, ಸೋಲಾರ್ ಪ್ಯಾನೆಲ್ ಹಾಗೆ ಹೇಳಿ ಮಾಡಿಸಿದ ಕೋನದಲ್ಲಿ ನಿಲ್ಲುವುದಿಲ್ಲ. ಐಟಿಐಗೋ ಡಿಪ್ಲೊಮಾಕ್ಕೋ ಹೋದ ಮಕ್ಕಳು ರಜೆಯಲ್ಲಿ ಸಿಕ್ಕಾಗ ಕೇಳುವುದು ಯಾವಾಗಲೂ ಒಂದೇ: "ಅಕ್ಕೋರೇ, ಇಲ್ಲಿ ಸೈನ್ ಹಾಕಬೇಕೋ, ಟ್ಯಾನ್ ಹಾಕಬೇಕೋ?" ಈ ಪ್ರಶ್ನೆಗೆ ಉತ್ತರ ಕ್ಯಾಲ್ಕುಲೇಟರಿನಲ್ಲಿ ಇಲ್ಲ. ಯಾವ ಎರಡು ಬಾಹುಗಳನ್ನು ನೀವು ಭರವಸೆಯಿಂದ ಅಳೆಯಬಲ್ಲಿರಿ ಎಂಬುದರಲ್ಲಿದೆ. ಈ ಲೇಖನದ ಉದ್ದಕ್ಕೂ ನಾನು ಒತ್ತಿ ಹೇಳುವುದು ಅದನ್ನೇ. ಅಳತೆ ಮೊದಲು, ಸೂತ್ರ ಆಮೇಲೆ.

ಮೊದಲು ಲಂಬಕೋನ ನಿಜವಾಗಿಯೂ ಇದೆಯೇ ನೋಡಿ

ಸೈನ್, ಕಾಸ್, ಟ್ಯಾನ್ ಅನ್ನು ಇಲ್ಲಿ ಹೇಳುವ ರೀತಿಯಲ್ಲಿ ಬಳಸಬೇಕಾದರೆ ತ್ರಿಭುಜದ ಒಂದು ಮೂಲೆ 90 ಡಿಗ್ರಿ ಇರಲೇಬೇಕು. ಕಾಗದದ ಮೇಲೆ ಮೂಲೆಯಲ್ಲಿ ಸಣ್ಣ ಚೌಕ ಬರೆದಿರುತ್ತಾರೆ, ಕಣ್ಣಿಗೆ ಕಾಣುತ್ತದೆ. ಕೆಲಸದ ಜಾಗದಲ್ಲಿ ನೀವೇ ಪರೀಕ್ಷಿಸಬೇಕು. ಅಡ್ಡ ಗೆರೆಗೆ ರಸಮಟ್ಟ, ನೆಟ್ಟಗಿನ ಗೆರೆಗೆ ತೂಗುಗುಂಡು. ಇವೆರಡೂ ಸರಿ ಇದ್ದರೆ ನಡುವಿನ ಕೋನ 90 ಡಿಗ್ರಿಯೇ.

ನೆಲದ ಮೇಲಿನ ಮೂಲೆಯಾದರೆ ಗಾರೆ ಕೆಲಸದವರು ಮಾಡುವ 3-4-5 ಉಪಾಯ ಸಾಕು. ಮೂಲೆಯಿಂದ ಒಂದು ಕಡೆ 3 ಅಡಿಗೆ ಗುರುತು, ಇನ್ನೊಂದು ಕಡೆ 4 ಅಡಿಗೆ ಗುರುತು. ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ ಇದೆ. ದೊಡ್ಡ ಜಾಗಕ್ಕೆ 6-8-10 ಮಾಡಿ, ತಪ್ಪು ಇದ್ದರೆ ಬೇಗ ಕಾಣುತ್ತದೆ.

ಹಳೆಯ ಮನೆಯ ಗೋಡೆ ನೆಟ್ಟಗೆ ಇರುತ್ತದೆ ಎಂದು ಸುಮ್ನೆ ನಂಬಬೇಡಿ. ಕೆಂಪುಕಲ್ಲಿನ ಗೋಡೆ ವರ್ಷ ಕಳೆದ ಹಾಗೆ ಒಂದು ಕಡೆ ವಾಲಿರಬಹುದು. ಗೋಡೆಯನ್ನೇ ಲಂಬ ಎಂದು ಹಿಡಿದರೆ ಮುಂದಿನ ಎಲ್ಲ ಅಂಕಿಯೂ ಅದೇ ತಪ್ಪನ್ನು ಹೊತ್ತುಕೊಂಡು ಬರುತ್ತದೆ.

ಕೋನದಲ್ಲಿ ನಿಂತು ಬಾಹುಗಳಿಗೆ ಹೆಸರಿಡಿ

ಲಂಬಕೋನ ತ್ರಿಭುಜದಲ್ಲಿ ಮೂರು ಬಾಹು. 90 ಡಿಗ್ರಿಯ ಎದುರಿಗೆ ಇರುವ, ಎಲ್ಲಕ್ಕಿಂತ ಉದ್ದದ ಓರೆ ಬಾಹು ವಿಕರ್ಣ. ಇದು ಯಾವತ್ತೂ ಬದಲಾಗುವುದಿಲ್ಲ. ಉಳಿದ ಎರಡರ ಹೆಸರು ಮಾತ್ರ ನೀವು ಯಾವ ಕೋನ ಹುಡುಕುತ್ತಿದ್ದೀರಿ ಎಂಬುದರ ಮೇಲೆ ಬದಲಾಗುತ್ತದೆ. ಮಕ್ಕಳು ಎಡವುವುದು ಇಲ್ಲೇ.

ನಾನು ಹೇಳಿಕೊಡುವ ದಾರಿ ಇದು. ಬೇಕಾದ ಕೋನದ ಮೂಲೆಗೆ ಪೆನ್ಸಿಲಿನಲ್ಲಿ ಚುಕ್ಕಿ ಹಾಕಿ. ಆ ಚುಕ್ಕಿಯಲ್ಲಿ ನೀವೇ ನಿಂತಿದ್ದೀರಿ ಎಂದುಕೊಳ್ಳಿ. ನಿಮ್ಮನ್ನು ಮುಟ್ಟದೆ ಎದುರಿಗೆ ನಿಂತಿರುವ ಬಾಹು ಅಭಿಮುಖ ಬಾಹು. ನಿಮ್ಮ ಕಾಲಿಗೆ ತಾಗಿಕೊಂಡಿರುವ, ಆದರೆ ವಿಕರ್ಣವಲ್ಲದ ಬಾಹು ಪಾರ್ಶ್ವ ಬಾಹು. ಚುಕ್ಕಿಯನ್ನು ಇನ್ನೊಂದು ಮೂಲೆಗೆ ಒಯ್ದರೆ ಅಭಿಮುಖವೇ ಪಾರ್ಶ್ವವಾಗುತ್ತದೆ, ಪಾರ್ಶ್ವವೇ ಅಭಿಮುಖವಾಗುತ್ತದೆ. ಹಾಗಾಗಿ ಚುಕ್ಕಿ ಹಾಕದೆ ಹೆಸರಿಡಲೇಬೇಡಿ.

ಈಗ ಆಯ್ಕೆ ತಾನಾಗಿಯೇ ಆಗುತ್ತದೆ.

ಅಭಿಮುಖ ಮತ್ತು ವಿಕರ್ಣ ಗೊತ್ತಿದ್ದರೆ ಸೈನ್: ಅಭಿಮುಖ ÷ ವಿಕರ್ಣ.
ಪಾರ್ಶ್ವ ಮತ್ತು ವಿಕರ್ಣ ಗೊತ್ತಿದ್ದರೆ ಕಾಸ್: ಪಾರ್ಶ್ವ ÷ ವಿಕರ್ಣ.
ಅಭಿಮುಖ ಮತ್ತು ಪಾರ್ಶ್ವ ಗೊತ್ತಿದ್ದರೆ ಟ್ಯಾನ್: ಅಭಿಮುಖ ÷ ಪಾರ್ಶ್ವ.

ಎರಡು ಅಳತೆಯೂ ಒಂದೇ ಮಾನದಲ್ಲಿರಲಿ. ಒಂದು ಅಡಿಯಲ್ಲಿ, ಇನ್ನೊಂದು ಮೀಟರಿನಲ್ಲಿ ಇದ್ದರೆ ಭಾಗಾಕಾರಕ್ಕೆ ಅರ್ಥವೇ ಇಲ್ಲ. ಇನ್ನೊಂದು ಮಾತು. 7 ಅಡಿ 3 ಇಂಚನ್ನು ಕ್ಯಾಲ್ಕುಲೇಟರಿನಲ್ಲಿ 7.3 ಎಂದು ಒತ್ತಬೇಡಿ. 3 ಇಂಚು ಎಂದರೆ ಕಾಲು ಅಡಿ, ಆದ್ದರಿಂದ ಅದು 7.25. ಎಲ್ಲವನ್ನೂ ಇಂಚಿಗೆ ತಂದುಬಿಟ್ಟರೆ ಈ ಗೊಂದಲವೇ ಇರುವುದಿಲ್ಲ: 87 ಇಂಚು.

ಕ್ಯಾಲ್ಕುಲೇಟರನ್ನು ಡಿಗ್ರಿಗೆ ತನ್ನಿ

ಸೈಂಟಿಫಿಕ್ ಕ್ಯಾಲ್ಕುಲೇಟರಿಗೆ ಕೋನ ಅಳೆಯಲು ಮೂರು ಮಾನ ಗೊತ್ತು: ಡಿಗ್ರಿ, ರೇಡಿಯನ್, ಗ್ರೇಡಿಯನ್. ನಮಗೆ ಬೇಕಾದದ್ದು ಡಿಗ್ರಿ. ಬೇರೆ ಯಾರೋ ಬಳಸಿ ಕೊಟ್ಟ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಇರಬಹುದು.

ಪರೀಕ್ಷಿಸುವುದು ಸುಲಭ. ಸೈನ್ ಒತ್ತಿ, 30 ಒತ್ತಿ, ಸಮ ಚಿಹ್ನೆ ಒತ್ತಿ. 0.5 ಬಂದರೆ ಡಿಗ್ರಿಯಲ್ಲಿದೆ, ಮುಂದುವರಿಯಿರಿ. ಮೈನಸ್ 0.988 ಬಂದರೆ ರೇಡಿಯನ್. 0.454 ಬಂದರೆ ಗ್ರೇಡಿಯನ್. ಪರದೆಯ ಮೇಲಿನ ಸಣ್ಣ ಅಕ್ಷರ ಹುಡುಕುವುದಕ್ಕಿಂತ ಈ ಪರೀಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ, ಯಾಕೆಂದರೆ ಇದು ಯಾವ ಕಂಪನಿಯದಕ್ಕೂ, ಫೋನಿಗೂ ಹೊಂದುತ್ತದೆ.

ಬದಲಿಸುವ ದಾರಿ ಮಾದರಿಯಿಂದ ಮಾದರಿಗೆ ಬೇರೆ. ಮಕ್ಕಳ ಕೈಯಲ್ಲಿ ಜಾಸ್ತಿ ಕಾಣುವ ಕ್ಯಾಸಿಯೋ ಎಫ್‌ಎಕ್ಸ್-82ಎಂಎಸ್‌ನಲ್ಲಿ ಮೋಡ್ ಗುಂಡಿಯನ್ನು ಎರಡು ಸಲ ಒತ್ತಿ, ಆಮೇಲೆ 1. ಎಫ್‌ಎಕ್ಸ್-991ಇಎಸ್ ಪ್ಲಸ್‌ನಲ್ಲಿ ಶಿಫ್ಟ್, ಮೋಡ್, 3. ಎಫ್‌ಎಕ್ಸ್-991ಇಎಕ್ಸ್‌ನಲ್ಲಿ ಶಿಫ್ಟ್, ಮೆನು, 2, 1. ಫೋನಿನ ಕ್ಯಾಲ್ಕುಲೇಟರಿನಲ್ಲಿ ಈ ಗುಂಡಿಗಳು ಸಾಮಾನ್ಯವಾಗಿ ಅಡಗಿರುತ್ತವೆ. ಫೋನನ್ನು ಅಡ್ಡ ಹಿಡಿದರೆ ಅಥವಾ ಬಾಣದ ಗುರುತು ಒತ್ತಿದರೆ ತೆರೆದುಕೊಳ್ಳುತ್ತವೆ.

ಇನ್ನು ಮುಖ್ಯ ಗುಂಡಿ. ಕೋನ ಗೊತ್ತಿದ್ದು ಅನುಪಾತ ಬೇಕಾದಾಗ ಟ್ಯಾನ್ ಒತ್ತುತ್ತೇವೆ. ನಮ್ಮದು ಉಲ್ಟಾ ಕೆಲಸ: ಅನುಪಾತ ಗೊತ್ತಿದೆ, ಕೋನ ಬೇಕು. ಇದಕ್ಕೆ ಟ್ಯಾನ್ ಇನ್ವರ್ಸ್ ಬೇಕು. ಟ್ಯಾನ್ ಗುಂಡಿಯ ತಲೆಯ ಮೇಲೆ ಸಣ್ಣ ಮೈನಸ್ ಒಂದು ಇಟ್ಟು ಬರೆದಿರುತ್ತದೆ. ಶಿಫ್ಟ್ ಒತ್ತಿ, ಆಮೇಲೆ ಟ್ಯಾನ್ ಒತ್ತಿದರೆ ಅದು ಬರುತ್ತದೆ. ಸೈನ್, ಕಾಸ್‌ಗೂ ಹೀಗೆಯೇ. ಆ ಮೈನಸ್ ಒಂದನ್ನು ನೋಡಿ 1 ÷ ಟ್ಯಾನ್ ಎಂದು ಓದಬೇಡಿ. ಅದು "ಈ ಟ್ಯಾನ್ ಬೆಲೆ ಯಾವ ಕೋನದ್ದು?" ಎಂದು ಕೇಳುವ ಗುರುತು, ಅಷ್ಟೇ.

ಒಂದು ಮಾಡಿನ ಲೆಕ್ಕ, ಮೊದಲಿನಿಂದ ಕೊನೆಯವರೆಗೆ

ಎರಡೂ ಕಡೆ ಸಮನಾಗಿ ಇಳಿಯುವ ಹಂಚಿನ ಮಾಡು ಎಂದಿಟ್ಟುಕೊಳ್ಳಿ. ಎದುರುಬದುರು ಗೋಡೆಗಳ ನಡುವಿನ ಅಗಲ 24 ಅಡಿ. ಗೋಡೆಯ ತಲೆಯ ಮಟ್ಟದಿಂದ ಮಾಡಿನ ನೆತ್ತಿಯವರೆಗೆ ನೆಟ್ಟಗಿನ ಎತ್ತರ 7 ಅಡಿ. ಪಕಾಸು, ಅಂದರೆ ಮಾಡು ಹೊರುವ ಓರೆ ಮರ, ಗೋಡೆಯಿಂದ ನೆತ್ತಿಗೆ ಏರುತ್ತದೆ. ಅದು ಮಟ್ಟದ ಗೆರೆಯೊಂದಿಗೆ ಮಾಡುವ ಕೋನ ನಮಗೆ ಬೇಕು.

ಚುಕ್ಕಿಯನ್ನು ಗೋಡೆಯ ತಲೆಯಲ್ಲಿ ಹಾಕಿ. ಎದುರಿಗೆ ನಿಂತಿರುವುದು 7 ಅಡಿ ಎತ್ತರ, ಅದು ಅಭಿಮುಖ. ಕಾಲಿಗೆ ತಾಗಿರುವುದು ಮಟ್ಟದ ಗೆರೆ, ಅದು ಪಾರ್ಶ್ವ. ಆದರೆ ಪಾರ್ಶ್ವ 24 ಅಡಿ ಅಲ್ಲ! ಲಂಬಕೋನ ಇರುವುದು ನೆತ್ತಿಯ ಕೆಳಗೆ, ಮನೆಯ ನಟ್ಟನಡುವೆ. ಹಾಗಾಗಿ ಅರ್ಧ ಅಗಲ, ಅಂದರೆ 12 ಅಡಿ. ಇಡೀ 24 ಹಾಕಿದರೆ 16.26 ಡಿಗ್ರಿ ಎಂದು ಬರುತ್ತದೆ. ನೋಡಿದರೆ ನಂಬುವಂತಹ ಅಂಕಿ, ಆದರೆ ಅಂತಹ ಮಾಡು ನಮ್ಮ ಮಳೆಗೆ ಸಾಲುವುದಿಲ್ಲ. ಈ ಒಂದು ತಪ್ಪು ತಪ್ಪಿಸಲೆಂದೇ ಚಿತ್ರ ಬರೆದುಕೊಳ್ಳಿ ಎಂದು ಹೇಳುವುದು.

ಗೊತ್ತಿರುವುದು ಅಭಿಮುಖ ಮತ್ತು ಪಾರ್ಶ್ವ. ಆದ್ದರಿಂದ ಟ್ಯಾನ್. 7 ÷ 12 = 0.58333.

ಕ್ಯಾಲ್ಕುಲೇಟರಿನಲ್ಲಿ ಒತ್ತುವ ಸಾಲು: ಶಿಫ್ಟ್, ಟ್ಯಾನ್, ಆವರಣ ತೆರೆಯಿರಿ, 7, ಭಾಗಿಸು, 12, ಆವರಣ ಮುಚ್ಚಿ, ಸಮ. ಉತ್ತರ 30.256. ಮಾಡು 30 ಡಿಗ್ರಿಗೆ ಚೂರು ಮೇಲೆ.

ಬೇರೆ ಏನಾದರೂ ಬಂತೇ? ಬಂದ ಅಂಕಿಯೇ ತಪ್ಪು ಎಲ್ಲಿ ಎಂದು ಹೇಳುತ್ತದೆ. 6.82 ಬಂದರೆ ಆವರಣ ಹಾಕಿಲ್ಲ, ಕ್ಯಾಲ್ಕುಲೇಟರ್ ಬರೀ 7ರ ಟ್ಯಾನ್ ಇನ್ವರ್ಸ್ ತೆಗೆದು ಆಮೇಲೆ 12ರಿಂದ ಭಾಗಿಸಿದೆ. ಎಂಎಸ್ ಮಾದರಿಯಲ್ಲಿ ಇದು ಆಗುತ್ತದೆ. ಇಎಸ್ ಮಾದರಿ ತಾನೇ ಆವರಣ ತೆರೆದುಕೊಡುತ್ತದೆ. 0.0102 ಬಂದರೆ ಶಿಫ್ಟ್ ಒತ್ತಿಲ್ಲ. 0.528 ಬಂದರೆ ರೇಡಿಯನ್‌ನಲ್ಲಿದೆ. 33.6 ಬಂದರೆ ಗ್ರೇಡಿಯನ್. 59.74 ಬಂದರೆ 7 ಮತ್ತು 12 ಅದಲುಬದಲಾಗಿದೆ, ನೀವು ಕಂಡುಹಿಡಿದದ್ದು ನೆತ್ತಿಯ ಕಡೆಯ ಕೋನ.

ಕೊನೆಯ ತಪ್ಪನ್ನು ಕ್ಯಾಲ್ಕುಲೇಟರ್ ಇಲ್ಲದೆಯೂ ಹಿಡಿಯಬಹುದು. ಎತ್ತರ ಅರ್ಧ ಅಗಲಕ್ಕಿಂತ ಕಡಿಮೆ ಇದ್ದರೆ ಕೋನ 45ಕ್ಕಿಂತ ಕಡಿಮೆಯೇ ಇರಬೇಕು. ಎರಡೂ ಸಮ ಇದ್ದರೆ ಸರಿಯಾಗಿ 45. ಎತ್ತರ ಜಾಸ್ತಿ ಇದ್ದರೆ ಕೋನ 45ಕ್ಕಿಂತ ಮೇಲೆ. ಉತ್ತರ ಬರೆಯುವ ಮೊದಲು ಇದೊಂದನ್ನು ಕೇಳಿಕೊಳ್ಳಿ.

ಉತ್ತರ ಸರಿಯೇ ಎಂದು ಗಟ್ಟಿ ಮಾಡಿಕೊಳ್ಳಲು ಮೂರನೇ ಬಾಹು ಬಳಸಿ. 7ರ ವರ್ಗ 49, 12ರ ವರ್ಗ 144, ಕೂಡಿದರೆ 193. ಅದರ ವರ್ಗಮೂಲ 13.89. ಇದು ವಿಕರ್ಣ, ಅಂದರೆ ಗೋಡೆಯಿಂದ ನೆತ್ತಿಯವರೆಗಿನ ಪಕಾಸಿನ ಉದ್ದ. ಈಗ 7 ÷ 13.89ರ ಸೈನ್ ಇನ್ವರ್ಸ್ ತೆಗೆಯಿರಿ: 30.26. ಎರಡು ದಾರಿಯಲ್ಲೂ ಒಂದೇ ಕೋನ ಬಂತು. ಜೊತೆಗೆ ಪಕಾಸು 13 ಅಡಿ 11 ಇಂಚಿಗೆ ಕಡಿಮೆ ಇರಬಾರದು ಎಂಬುದೂ ತಿಳಿಯಿತು. ಗೋಡೆಯಿಂದ ಹೊರಗೆ ಚಾಚುವ ಭಾಗ ಇದಕ್ಕೆ ಸೇರಬೇಕು.

ಮರದ ಕೆಲಸ ಮಾಡುವ ಆಚಾರ್ರು ಇಳಿಜಾರನ್ನು ಡಿಗ್ರಿಯಲ್ಲಿ ಹೇಳುವುದು ಕಡಿಮೆ. "ಅಡಿಗೆ ಏಳು ಇಂಚು ಕೊಡುವಾ" ಎನ್ನುತ್ತಾರೆ. ಅಂದರೆ ಒಂದು ಅಡಿ ಅಡ್ಡ ಹೋದರೆ ಏಳು ಇಂಚು ಏರಿಕೆ. 12 ಇಂಚಿಗೆ 7 ಇಂಚು, ನಮ್ಮ ಲೆಕ್ಕವೇ! ಅವರ ಮಾತು ನೇರವಾಗಿ ಟ್ಯಾನ್ ಬೆಲೆಯೇ. ಅಡಿಗೆ 5 ಇಂಚು ಎಂದರೆ 22.62 ಡಿಗ್ರಿ, 6 ಇಂಚು 26.57, 7 ಇಂಚು 30.26, 8 ಇಂಚು 33.69. ಇಂಚು ಒಂದೊಂದೇ ಏರಿದರೂ ಡಿಗ್ರಿಯ ಏರಿಕೆ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಾ ಹೋಗುವುದನ್ನು ಗಮನಿಸಿ. ಎತ್ತರ ಎರಡು ಪಟ್ಟು ಮಾಡಿದರೆ ಕೋನ ಎರಡು ಪಟ್ಟು ಆಗುವುದಿಲ್ಲ. ಇದು ಮಕ್ಕಳಿಗೆ ಪಟ್ಟಿ ಬರೆದು ತೋರಿಸಿದ ಮೇಲೆಯೇ ತಲೆಗೆ ಹೋಗುವ ವಿಷಯ.

ಸರ್ವೆ ಕೆಲಸಕ್ಕೆ ಡಿಗ್ರಿ, ನಿಮಿಷ, ಸೆಕೆಂಡ್ ಬೇಕಾದರೆ ಉತ್ತರ ಬಂದ ಮೇಲೆ ಡಿಗ್ರಿ-ನಿಮಿಷದ ಗುರುತಿರುವ ಗುಂಡಿ ಒತ್ತಿ. 30.256 ಎಂಬುದು 30 ಡಿಗ್ರಿ 15 ನಿಮಿಷ 23 ಸೆಕೆಂಡ್ ಆಗುತ್ತದೆ. ಮಾಡಿಗೆ ಇಷ್ಟು ಸೂಕ್ಷ್ಮ ಬೇಡ.

ಟೆರೇಸಿನ ಪ್ಯಾನೆಲ್‌ಗೆ ಸೈನ್

ಸೋಲಾರ್ ಪ್ಯಾನೆಲ್ ಓರೆಯಾಗಿ ಮಲಗಿರುತ್ತದೆ. ಅದರ ಉದ್ದ ಸುಲಭವಾಗಿ ಅಳೆಯಬಹುದು, ಅದೇ ವಿಕರ್ಣ. ಹಿಂದಿನ ಅಂಚು ಮುಂದಿನ ಅಂಚಿಗಿಂತ ಎಷ್ಟು ಮೇಲಿದೆ ಎಂಬುದೂ ಸುಲಭ, ಅದೇ ಅಭಿಮುಖ. ಪ್ಯಾನೆಲ್ ಕೆಳಗಿನ ಮಟ್ಟದ ಗೆರೆ ಅಳೆಯಲು ಕಾಲು, ಕಂಬಿ ಎಲ್ಲ ಅಡ್ಡ ಬರುತ್ತವೆ. ಹಾಗಾಗಿ ಇಲ್ಲಿ ಸೈನ್.

ಪ್ಯಾನೆಲ್ ಉದ್ದ 200 ಸೆಂಟಿಮೀಟರ್, ಎತ್ತರದ ವ್ಯತ್ಯಾಸ 45 ಸೆಂಟಿಮೀಟರ್ ಎಂದಿರಲಿ. ಮುಂದಿನ ಕಾಲಿಗೂ ಎತ್ತರ ಇದ್ದರೆ ಅದನ್ನು ಕಳೆದೇ ಈ 45 ಹಿಡಿಯಬೇಕು. 45 ÷ 200 = 0.225. ಶಿಫ್ಟ್, ಸೈನ್, 0.225, ಸಮ: 13 ಡಿಗ್ರಿ.

ವರ್ಷವಿಡೀ ಒಂದೇ ಕೋನದಲ್ಲಿ ನಿಲ್ಲುವ ಪ್ಯಾನೆಲನ್ನು ದಕ್ಷಿಣಕ್ಕೆ ಮುಖ ಮಾಡಿ, ಆ ಊರಿನ ಅಕ್ಷಾಂಶದಷ್ಟು ಓರೆ ಇಡುವುದು ರೂಢಿ. ಕಾರವಾರ ಸುಮಾರು 14.8 ಡಿಗ್ರಿ ಉತ್ತರದಲ್ಲಿದೆ, ಶಿರಸಿ 14.6ರಲ್ಲಿ. ಅಂದರೆ ನಮಗೆ 15 ಡಿಗ್ರಿ ಹಿಡಿದರೆ ಸರಿ. 200ನ್ನು 15 ಡಿಗ್ರಿಯ ಸೈನ್‌ನಿಂದ ಗುಣಿಸಿದರೆ 51.8 ಬರುತ್ತದೆ. ಹಿಂದಿನ ಕಾಲನ್ನು ಇನ್ನು 7 ಸೆಂಟಿಮೀಟರ್ ಎತ್ತರಿಸಿದರಾಯಿತು.

ಏಣಿ: ಯಾವ ಎರಡು ಬಾಹು ಅಳೆಯಬೇಕು?

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಪುಸ್ತಕದಲ್ಲಿ ಬರದ ಮಾತು ಇದೆ.

5 ಮೀಟರ್ ಏಣಿಯನ್ನು ಗೋಡೆಗೆ ಒರಗಿಸಿದ್ದೀರಿ. ಬುಡ ಗೋಡೆಯಿಂದ 1.25 ಮೀಟರ್ ದೂರ. ಏಣಿ ನೆಲದೊಂದಿಗೆ ಮಾಡುವ ಕೋನ ಎಷ್ಟು? ಚುಕ್ಕಿ ಏಣಿಯ ಬುಡದಲ್ಲಿ. ಪಾರ್ಶ್ವ 1.25, ವಿಕರ್ಣ 5. ಆದ್ದರಿಂದ ಕಾಸ್. 1.25 ÷ 5 = 0.25. ಶಿಫ್ಟ್, ಕಾಸ್, 0.25, ಸಮ: 75.52 ಡಿಗ್ರಿ. ಏಣಿಯ ಉದ್ದದ ಕಾಲು ಭಾಗದಷ್ಟು ದೂರದಲ್ಲಿ ಬುಡ ಇಡಬೇಕು ಎಂಬ ಸುರಕ್ಷತೆಯ ನಿಯಮ ಇದೇ ಕೋನ ಕೊಡುತ್ತದೆ. ಇದಕ್ಕಿಂತ ಚಪ್ಪಟೆಯಾದರೆ ಬುಡ ಜಾರುತ್ತದೆ, ಕಡಿದಾದರೆ ಹತ್ತಿದವರು ಹಿಂದಕ್ಕೆ ವಾಲುತ್ತಾರೆ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಏಣಿ ಇಡುವವರು ಇದನ್ನು ಮರೆಯಬಾರದು.

ಇದೇ ಕೋನವನ್ನು ಇನ್ನೊಂದು ದಾರಿಯಲ್ಲೂ ತೆಗೆಯಬಹುದು ಅಲ್ವಾ? ಏಣಿಯ ತುದಿ ಗೋಡೆಗೆ ತಾಗುವ ಎತ್ತರ ಅಳೆದು ಸೈನ್ ಬಳಸಬಹುದು. ಎತ್ತರ 4.84 ಮೀಟರ್ ಬರುತ್ತದೆ. 4.84 ÷ 5 = 0.968, ಸೈನ್ ಇನ್ವರ್ಸ್ 75.47. ಹೆಚ್ಚುಕಡಿಮೆ ಅದೇ ಉತ್ತರ. ಹಾಗಾದರೆ ಎರಡರಲ್ಲಿ ಯಾವುದು ಒಳ್ಳೆಯದು?

ಟೇಪಿನಲ್ಲಿ 3 ಸೆಂಟಿಮೀಟರ್ ತಪ್ಪಾಗಿದೆ ಎಂದುಕೊಳ್ಳಿ. ಬುಡದ ದೂರ 1.25ರ ಬದಲು 1.28 ಎಂದು ಓದಿದಿರಿ. ಕಾಸ್ ದಾರಿಯಲ್ಲಿ ಉತ್ತರ 75.17. ವ್ಯತ್ಯಾಸ ಅರ್ಧ ಡಿಗ್ರಿಯೂ ಇಲ್ಲ. ಈಗ ಅದೇ 3 ಸೆಂಟಿಮೀಟರ್ ತಪ್ಪು ಎತ್ತರದಲ್ಲಿ ಆಗಲಿ: 4.84ರ ಬದಲು 4.87. ಸೈನ್ ದಾರಿಯಲ್ಲಿ ಉತ್ತರ 76.9. ಸುಮಾರು ಒಂದೂವರೆ ಡಿಗ್ರಿ ತಪ್ಪು! ಅದೇ ಟೇಪು, ಅದೇ ತಪ್ಪು, ಆದರೆ ನಾಲ್ಕು ಪಟ್ಟು ನಷ್ಟ.

ಕಾರಣ ಇದು. ಕೋನ 90ರ ಹತ್ತಿರ ಬಂದಾಗ ಸೈನ್ ಬೆಲೆ 1ರ ಹತ್ತಿರ ಬಂದು ಬಹಳ ನಿಧಾನವಾಗಿ ಬದಲಾಗುತ್ತದೆ. ಕೋನ ಒಂದು ಡಿಗ್ರಿ ಆಚೀಚೆ ಆದರೂ ಸೈನ್ ಬೆಲೆ ಅಲುಗುವುದೇ ಕಡಿಮೆ. ಹಾಗಾಗಿ ಉಲ್ಟಾ ಹೋದಾಗ ಸೈನ್ ಬೆಲೆಯ ಚಿಕ್ಕ ತಪ್ಪು ದೊಡ್ಡ ಕೋನದ ತಪ್ಪಾಗುತ್ತದೆ. ಕಾಸ್‌ಗೆ ಇದೇ ತೊಂದರೆ 0 ಡಿಗ್ರಿಯ ಹತ್ತಿರ. ಆದ್ದರಿಂದ ಕಡಿದಾದ ಕೋನಕ್ಕೆ ಕಾಸ್ ಅಥವಾ ಟ್ಯಾನ್, ಚಪ್ಪಟೆ ಕೋನಕ್ಕೆ ಸೈನ್ ಅಥವಾ ಟ್ಯಾನ್ ಆರಿಸಿ. ಏಣಿಯಲ್ಲಂತೂ ಬುಡದ ದೂರ ಅಳೆಯುವುದು ಸುಲಭ, ಹತ್ತಬೇಕಾಗಿಯೂ ಇಲ್ಲ.

ಎತ್ತರವನ್ನು ತಪ್ಪಾಗಿ 5.01 ಎಂದು ಬರೆದರೆ? 5.01 ÷ 5 ಒಂದಕ್ಕಿಂತ ಜಾಸ್ತಿ. ಕ್ಯಾಲ್ಕುಲೇಟರ್ "ಮ್ಯಾಥ್ ಎರರ್" ಎನ್ನುತ್ತದೆ. ಸೈನ್ ಮತ್ತು ಕಾಸ್ ಯಾವತ್ತೂ 1 ಮೀರುವುದಿಲ್ಲ, ಯಾಕೆಂದರೆ ವಿಕರ್ಣಕ್ಕಿಂತ ಉದ್ದದ ಬಾಹು ಇಲ್ಲ. ಈ ಸಂದೇಶ ಬಂದರೆ ಯಂತ್ರ ಕೆಟ್ಟಿಲ್ಲ. ಒಂದೋ ಅಳತೆ ತಪ್ಪಿದೆ, ಇಲ್ಲವೋ ಮೇಲಿನದನ್ನು ಕೆಳಗೆ ಹಾಕಿದ್ದೀರಿ. ಟ್ಯಾನ್‌ಗೆ ಈ ಮಿತಿ ಇಲ್ಲ, ಅದು ಎಷ್ಟು ಬೇಕಾದರೂ ದೊಡ್ಡದಾಗಬಹುದು.

ನೆರಳು ಹಿಡಿದು ಸೂರ್ಯನ ಎತ್ತರ

ಅಂಗಳದಲ್ಲೇ ಮಾಡಬಹುದಾದ, ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. ಒಂದು ಮೀಟರ್ ಕೋಲನ್ನು ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ. ತೂಗುಗುಂಡಿನಿಂದ ನೆಟ್ಟಗಿದೆಯೇ ನೋಡಿ. ನೆರಳಿನ ತುದಿಗೆ ಚುಕ್ಕಿ ಹಾಕಿ. ಅಲ್ಲಿ ನಿಂತರೆ ಕೋಲು ಅಭಿಮುಖ, ನೆರಳು ಪಾರ್ಶ್ವ. ಕೋಲು ÷ ನೆರಳು, ಅದರ ಟ್ಯಾನ್ ಇನ್ವರ್ಸ್. ಅದೇ ಸೂರ್ಯನ ಉನ್ನತ ಕೋನ.

ಮಾರ್ಚ್ 21ರ ಆಸುಪಾಸಿನಲ್ಲಿ ಮಾಡಿದರೆ ಇನ್ನೂ ಚೆಂದ. ಆ ಹೊತ್ತಿಗೆ ಸೂರ್ಯ ಭೂಮಧ್ಯರೇಖೆಯ ಮೇಲಿರುತ್ತಾನೆ. ನಡುಹಗಲಿನ ಅತಿ ಚಿಕ್ಕ ನೆರಳು ಅಳೆಯಿರಿ. ಕಾರವಾರದಲ್ಲಿ ಅದು 12 ಗಂಟೆಗೆ ಬರುವುದಿಲ್ಲ, ಸುಮಾರು 12.40ಕ್ಕೆ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಕಾರವಾರ ಇರುವುದು 74.1 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ 33 ನಿಮಿಷಕ್ಕೂ ಜಾಸ್ತಿ ತಡ. ಮಾರ್ಚಿನಲ್ಲಿ ಅದಕ್ಕೆ ಇನ್ನೂ ಏಳು ನಿಮಿಷ ಸೇರುತ್ತದೆ. ಗಡಿಯಾರ ನಂಬದೆ ಹನ್ನೆರಡೂವರೆಯಿಂದ ಐದೈದು ನಿಮಿಷಕ್ಕೆ ಗುರುತು ಹಾಕುತ್ತಾ ಹೋದರೆ ಅತಿ ಚಿಕ್ಕ ನೆರಳು ತಾನೇ ಸಿಗುತ್ತದೆ.

ನೆರಳು 26.5 ಸೆಂಟಿಮೀಟರ್ ಬಂತು ಎನ್ನಿ. 100 ÷ 26.5 = 3.7736. ಟ್ಯಾನ್ ಇನ್ವರ್ಸ್ 75.16. 90ರಿಂದ ಕಳೆದರೆ 14.84. ಅದು ನೀವು ನಿಂತ ಜಾಗದ ಅಕ್ಷಾಂಶ! ಒಂದು ಕೋಲು, ಒಂದು ಟೇಪಿನಿಂದ ನಕಾಶೆಯ ಮೇಲೆ ನಿಮ್ಮ ಊರು ಎಷ್ಟು ಉತ್ತರಕ್ಕಿದೆ ಎಂದು ಹೇಳಿಬಿಟ್ಟಿರಿ. ಸೆಪ್ಟೆಂಬರ್ 22ರ ಹೊತ್ತಿಗೂ ಇದು ಸಾಧ್ಯ, ಮೋಡ ಬಿಟ್ಟುಕೊಟ್ಟರೆ. ಏಪ್ರಿಲ್ ಕೊನೆಗೆ ಮಾತ್ರ ಬೇಡ, ಆಗ ಕಾರವಾರದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನಡುಹಗಲಿನಲ್ಲಿ ಅಳೆಯಲು ನೆರಳೇ ಇರುವುದಿಲ್ಲ.

ಚಿಕ್ಕ ಕೋನಗಳು

ರಸ್ತೆ, ಹಳಿಗಳ ಏರಿಕೆಯ ಕೋನ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಗಾಲಿಕುರ್ಚಿಯ ಇಳಿಜಾರು 12ಕ್ಕೆ 1, ಅಂದರೆ 4.76 ಡಿಗ್ರಿ. ಘಟ್ಟದ ರಸ್ತೆ ನೂರು ಮೀಟರಿಗೆ ಆರು ಮೀಟರ್ ಏರಿದರೆ 3.43 ಡಿಗ್ರಿ, ಲಾರಿ ಏದುಸಿರು ಬಿಡಲು ಅಷ್ಟೇ ಸಾಕು. ಕೊಂಕಣ ರೈಲ್ವೆ ಹಾಕಿಕೊಂಡ ಮಿತಿ 150ಕ್ಕೆ 1. ಅದು 0.38 ಡಿಗ್ರಿ. ಇಷ್ಟು ಚಿಕ್ಕ ಕೋನದಲ್ಲಿ ದೂರವನ್ನು ರಸ್ತೆಯ ಮೇಲೆ ಅಳೆದಿರೋ ನಕಾಶೆಯ ಮೇಲೆ ಅಳೆದಿರೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ನೂರಕ್ಕೆ ಏಳರ ಏರಿಕೆಗೆ ಟ್ಯಾನ್ ಇನ್ವರ್ಸ್ 4.00, ಸೈನ್ ಇನ್ವರ್ಸ್ 4.01.

ಸೈನ್ ಗುಂಡಿಯೇ ಇಲ್ಲದ ಕ್ಯಾಲ್ಕುಲೇಟರಿನಲ್ಲಿ

ಕೆಲಸದ ಜಾಗದಲ್ಲಿ ಅಂಗಡಿಯ ಸಾದಾ ಕ್ಯಾಲ್ಕುಲೇಟರ್ ಮಾತ್ರ ಇದೆ, ಫೋನ್ ಚಾರ್ಜ್ ಇಲ್ಲ. ಆಗಲೂ ದಾರಿ ಇದೆ. ಆರ್ಯಭಟ 499ರಲ್ಲೇ 3 ಡಿಗ್ರಿ 45 ನಿಮಿಷಕ್ಕೊಂದರಂತೆ, ಒಂದು ಸೈನ್ ಬೆಲೆಗೂ ಮುಂದಿನದಕ್ಕೂ ಇರುವ 24 ವ್ಯತ್ಯಾಸಗಳನ್ನು ಕೊಟ್ಟಿದ್ದ. 14ನೇ ಶತಮಾನದಲ್ಲಿ ಕೇರಳದ ಸಂಗಮಗ್ರಾಮದ ಮಾಧವ ಇನ್ನೂ ಮುಂದೆ ಹೋಗಿ ಟ್ಯಾನ್ ಬೆಲೆಯಿಂದ ನೇರವಾಗಿ ಕೋನ ತೆಗೆಯುವ ಸರಣಿ ಕೊಟ್ಟ. ಅದಕ್ಕೆ ಕೂಡಿಸು, ಕಳೆ, ಗುಣಿಸು, ಭಾಗಿಸು ಬಿಟ್ಟರೆ ಬೇರೆ ಏನೂ ಬೇಡ.

ನಮ್ಮ ಮಾಡಿನ ಅನುಪಾತ 0.58333 ತೆಗೆದುಕೊಳ್ಳಿ. ಅದರ ವರ್ಗ 0.34028, ಇದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅನುಪಾತವನ್ನು ಈ ವರ್ಗದಿಂದ ಮತ್ತೆ ಮತ್ತೆ ಗುಣಿಸುತ್ತಾ ಹೋಗಿ: 0.58333, 0.19850, 0.06754, 0.02298, 0.00782. ಇವನ್ನು ಕ್ರಮವಾಗಿ 1, 3, 5, 7, 9ರಿಂದ ಭಾಗಿಸಿ: 0.58333, 0.06617, 0.01351, 0.00328, 0.00087. ಈಗ ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ, ಮೂರನೆಯದನ್ನು ಕೂಡಿಸಿ, ನಾಲ್ಕನೆಯದನ್ನು ಕಳೆಯಿರಿ, ಐದನೆಯದನ್ನು ಕೂಡಿಸಿ. ಬಂದದ್ದು 0.52826. ಇದು ರೇಡಿಯನ್‌ನಲ್ಲಿದೆ. 57.2958ರಿಂದ ಗುಣಿಸಿದರೆ 30.27 ಡಿಗ್ರಿ. ನಿಜವಾದ ಉತ್ತರ 30.26. ಮಾಡು ಕಟ್ಟಲು ಇಷ್ಟು ನಿಖರತೆ ಧಾರಾಳವಾಯಿತು.

ಅನುಪಾತ 1ಕ್ಕಿಂತ ಜಾಸ್ತಿ ಇದ್ದರೆ ಸರಣಿ ಕೆಲಸ ಮಾಡುವುದಿಲ್ಲ. ಆಗ ಭಾಗಾಕಾರವನ್ನು ಉಲ್ಟಾ ಮಾಡಿ ಕೋನ ತೆಗೆದು 90ರಿಂದ ಕಳೆಯಿರಿ. ನೆರಳಿನ ಲೆಕ್ಕದಲ್ಲಿ 26.5 ÷ 100 = 0.265 ಹಿಡಿದರೆ ಮೂರು ನಾಲ್ಕು ಪದದಲ್ಲೇ 14.84 ಸಿಗುತ್ತದೆ.

ಅನುಪಾತ 1ಕ್ಕಿಂತ ಕಡಿಮೆ ಇದ್ದೂ ಅದರ ಹತ್ತಿರ ಇದ್ದರೆ ಸರಣಿ ತುಂಬಾ ನಿಧಾನ. ಅದಕ್ಕೂ ಉಪಾಯ ಇದೆ. 1ರಿಂದ ಅನುಪಾತವನ್ನು ಕಳೆದು, 1ಕ್ಕೆ ಅನುಪಾತ ಕೂಡಿಸಿದ್ದರಿಂದ ಭಾಗಿಸಿ. ಬಂದ ಚಿಕ್ಕ ಸಂಖ್ಯೆಗೆ ಸರಣಿ ಹಾಕಿ ಕೋನ ತೆಗೆದು 45ರಿಂದ ಕಳೆಯಿರಿ. ಉದಾಹರಣೆಗೆ ಅಭಿಮುಖ 9 ಅಡಿ, ಪಾರ್ಶ್ವ 10 ಅಡಿ: ಅನುಪಾತ 0.9. 0.1 ÷ 1.9 = 0.05263. ಎರಡು ಪದಕ್ಕೇ 0.05258, ಡಿಗ್ರಿಯಲ್ಲಿ 3.01. 45ರಿಂದ ಕಳೆದರೆ 41.99 ಡಿಗ್ರಿ.